ಮಧುಮೇಹವೂ ದಂಪತಿಗಳ ನಡಿಗೆಯೂ



ನಾವು ಪಾಠ ಹೇಳುವ ಊರು ಹುಣಸೂರು. ಬೆಳಗಿನ ಆರು ಗಂಟೆಗೆ ಮನೆಯ ಬಾಗಿಲನ್ನು ತೆರೆದು ನಿಂತರೆ ನಮ್ಮ ಬೀದಿಯಲ್ಲಿ ದಿನವೂ ಒಂದೇ ಬಗೆಯ ಮೆರವಣಿಗೆ ಕಾಣುವುದು. ಮೊದಲು ನಿವೃತ್ತರಾದ ಮೂರು ನಾಲ್ಕು ಮಂದಿ ಹಿರಿಯರು, ತಲೆಗೆ ಮಫ್ಲರು ಸುತ್ತಿಕೊಂಡು, ಅಡಕೆಯ ಬೆಲೆಯನ್ನೋ ಚುನಾವಣೆಯನ್ನೋ ಚರ್ಚಿಸುತ್ತ ಹೋಗುವರು. ಅವರ ಹಿಂದೆ ಅಂಗಡಿಯ ಯಜಮಾನರೊಬ್ಬರು ಒಂಟಿಯಾಗಿ, ವೈದ್ಯರೇ ಬೆನ್ನಟ್ಟಿ ಬರುತ್ತಿರುವರೋ ಎಂಬಂತೆ, ಬಿರುಸಾಗಿ ಸಾಗುವರು. ಕಡೆಯಲ್ಲಿ ಗಂಡಹೆಂಡಿರ ಒಂದು ಜೋಡಿ: ಗಂಡ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ಮುಂದೆ, ಹೆಂಡತಿ ಸವೆದ ಚಪ್ಪಲಿ ಮೆಟ್ಟಿಕೊಂಡು ಇಪ್ಪತ್ತು ಮಾರು ಹಿಂದೆ. ಈ ಮೂರು ಗುಂಪಿನವರಲ್ಲಿಯೂ ಬಹುಪಾಲು ಜನ ಒಂದೇ ಕಾರಣದಿಂದ ಹಾಸಿಗೆಯನ್ನು ಬಿಟ್ಟು ಹೊರಟವರು. ಆ ಕಾರಣವನ್ನು ಹಳ್ಳಿಯವರು ಸಕ್ಕರೆ ಕಾಯಿಲೆಯೆಂದೂ, ಪಟ್ಟಣದವರು ಶುಗರ್ ಎಂದೂ, ವೈದ್ಯಗ್ರಂಥಗಳು ಮಧುಮೇಹವೆಂದೂ ಕರೆಯುವುವು.

ಈ ದಿನ ನಾವು ಆಡಬೇಕೆಂದಿರುವ ನಾಲ್ಕು ಮಾತು ಆ ಮೂರನೆಯ ಗುಂಪನ್ನು ಕುರಿತದ್ದು. ಇನ್ನೂ ಖಚಿತವಾಗಿ ಹೇಳುವುದಾದರೆ, ಆ ಇಪ್ಪತ್ತು ಮಾರಿನ ಅಂತರವನ್ನು ಕುರಿತದ್ದು. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ಜೀವನ ಸಾಗಿಸುವವರು. ಆದರೂ ಈ ವಿಷಯವನ್ನು ಕುರಿತು ಮಾತನಾಡುವುದಕ್ಕೆ ನಮಗೊಂದು ಅಧಿಕಾರವುಂಟು. ಕಾಯಿಲೆಯು ನಮಗೂ ಬಂದಿದೆ, ನಮ್ಮ ಮನೆಯವರಿಗೂ ಬಂದಿದೆ. ಔಷಧದ ವಿಚಾರವನ್ನು ವೈದ್ಯರಿಗೆ ಬಿಟ್ಟು, ಗಂಡಹೆಂಡಿರು ಒಬ್ಬರಿಗೊಬ್ಬರು ನಡಿಗೆಯ ಮೂಲಕ ಮಾಡಬಹುದಾದ ನೆರವೇನು ಎಂಬುದನ್ನಷ್ಟೇ ಇಲ್ಲಿ ಹೇಳುವೆವು.

ಮೊದಲು ಕಾಯಿಲೆಯ ವ್ಯಾಪ್ತಿಯನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶವು ೨೦೨೩ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಮಂದಿ ಮಧುಮೇಹಿಗಳು; ೧೩ ಕೋಟಿ ೬೦ ಲಕ್ಷ ಮಂದಿ ಅದರ ಹೊಸ್ತಿಲಲ್ಲಿ ನಿಂತವರು. ಪಟ್ಟಣದ ವಯಸ್ಕರಲ್ಲಿ ನೂರಕ್ಕೆ ೧೬ಕ್ಕಿಂತ ಹೆಚ್ಚು ಮಂದಿಗೆ, ಹಳ್ಳಿಯ ವಯಸ್ಕರಲ್ಲಿ ನೂರಕ್ಕೆ ಸುಮಾರು ೯ ಮಂದಿಗೆ ಈ ಕಾಯಿಲೆಯುಂಟೆಂದು ಅದು ತಿಳಿಸುವುದು. ಇದು ಉಳ್ಳವರ ಕಾಯಿಲೆ, ಕುಳಿತು ಉಣ್ಣುವವರ ಕಾಯಿಲೆ ಎಂಬ ಹಳೆಯ ಮಾತನ್ನು ಇನ್ನು ಬಿಡಬೇಕು. ಹೊಲದಲ್ಲಿ ದುಡಿಯುವವನ ಮನೆಯ ಗೂಡಿನಲ್ಲಿಯೂ ಈಗ ಮಾತ್ರೆಯ ಪಟ್ಟಿ ಇದೆ.

ಕಾಯಿಲೆ ಹೊಸದಲ್ಲ, ನಡಿಗೆಯ ಚಿಕಿತ್ಸೆಯೂ ಹೊಸದಲ್ಲ. ಸುಶ್ರುತ ಸಂಹಿತೆಯು ಹುಟ್ಟಿನಿಂದ ಬರುವ ಪ್ರಮೇಹ, ಅಪಥ್ಯದಿಂದ ಬರುವ ಪ್ರಮೇಹ ಎಂದು ಎರಡು ಬಗೆಯನ್ನು ಹೇಳುವುದು. ಅದರ ಚಿಕಿತ್ಸಾಸ್ಥಾನದಲ್ಲಿ ಒಂದು ವಿಧಿಯುಂಟು. ಹಣವಿಲ್ಲದವನು, ಬಂಧುಗಳಿಲ್ಲದವನು ಈ ರೋಗಕ್ಕೆ ತುತ್ತಾದರೆ ಅವನು ಪಾದರಕ್ಷೆಯಿಲ್ಲದೆ, ಛತ್ರಿಯಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ದೂರ ನಡೆಯಬೇಕಂತೆ. ಆ ಕಾಲದ ವೈದ್ಯರ ಸೂಕ್ಷ್ಮದೃಷ್ಟಿಯನ್ನು ಮೆಚ್ಚಲೇಬೇಕು. ಬರಿಗಾಲಿನಲ್ಲಿ ನಡೆಯಬೇಕೆಂಬುದನ್ನು ಮಾತ್ರ ಈಗಿನ ವೈದ್ಯರು ಒಪ್ಪುವುದಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆವು. ಆದರೆ ಇಲ್ಲಿ ಗಮನಿಸತಕ್ಕ ಮಾತು ಒಂದಿದೆ. ಒಂಟಿಯಾಗಿ ನಡೆಯಬೇಕೆಂಬ ವಿಧಿಯನ್ನು ಸುಶ್ರುತನು ಹೇಳಿದ್ದು ದಿಕ್ಕಿಲ್ಲದವನಿಗೆ, ಬಂಧುಗಳಿಲ್ಲದವನಿಗೆ. ನಾವೋ ಮನೆ ತುಂಬ ಬಂಧುಗಳನ್ನಿಟ್ಟುಕೊಂಡು ಒಂಟಿಯಾಗಿ ನಡೆಯುತ್ತಿದ್ದೇವೆ.

ನಡಿಗೆಯಿಂದ ಸಕ್ಕರೆ ಇಳಿಯುವುದು ಹೇಗೆ? ನಾವುಂಡ ಅನ್ನವೂ ಮುದ್ದೆಯೂ ಜೀರ್ಣವಾಗಿ ಗ್ಲೂಕೋಸೆಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುವುದು. ಅದನ್ನು ರಕ್ತದಿಂದ ಮಾಂಸಖಂಡಗಳ ಒಳಕ್ಕೆ ಬಿಡುವ ಬೀಗದ ಕೈ ಇನ್ಸುಲಿನ್. ಮಧುಮೇಹಿಯಲ್ಲಿ ಆ ಬೀಗದ ಕೈ ಸಾಲದಾಗಿರುವುದು, ಇಲ್ಲವೆ ಬೀಗವೇ ತುಕ್ಕು ಹಿಡಿದಿರುವುದು. ಆದರೆ ದುಡಿಯುತ್ತಿರುವ ಮಾಂಸಖಂಡಕ್ಕೆ ಒಂದು ಹಿತ್ತಿಲ ಬಾಗಿಲುಂಟು. ಕಾಲಿನ ಸ್ನಾಯುಗಳು ಕುಗ್ಗಿ ಹಿಗ್ಗುತ್ತಿರುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೇ ಅವು ಸಕ್ಕರೆಯನ್ನು ಒಳಕ್ಕೆ ಸೆಳೆದುಕೊಳ್ಳುವುವು. ನಡಿಗೆ ಮುಗಿದ ಮೇಲೆಯೂ ಒಂದೆರಡು ದಿನಗಳವರೆಗೆ ತುಕ್ಕು ಹಿಡಿದ ಬೀಗ ಸ್ವಲ್ಪ ಸರಾಗವಾಗಿ ತಿರುಗುವುದು. ಆದುದರಿಂದಲೇ ವಾರಕ್ಕೆ ಒಟ್ಟು ೧೫೦ ನಿಮಿಷ ನಡೆಯಬೇಕೆಂದೂ, ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಕೂಡದೆಂದೂ ವೈದ್ಯರು ವಿಧಿಸುವುದು. ಭಾನುವಾರ ಒಂದೇ ಸಲ ಎರಡು ಗಂಟೆ ನಡೆದು ಆರು ದಿನ ಕುಳಿತುಬಿಡುವುದು, ಒಂದೇ ದಿನ ವಾರದ ಊಟವನ್ನೆಲ್ಲ ಉಂಡಂತೆ.

ಊಟದ ಅನಂತರದ ನಡಿಗೆಗೆ ವಿಶೇಷ ಗುಣವಿದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು ೪೧ ಮಂದಿ ಮಧುಮೇಹಿಗಳ ಮೇಲೆ ನಡೆಸಿದ ಪರೀಕ್ಷೆಯೊಂದನ್ನು ೨೦೧೬ರಲ್ಲಿ ಪ್ರಕಟಿಸಿದರು. ದಿನದ ಯಾವುದೋ ಒಂದು ವೇಳೆಯಲ್ಲಿ ೩೦ ನಿಮಿಷ ನಡೆಯುವುದಕ್ಕಿಂತ, ಮೂರು ಊಟಗಳ ಅನಂತರವೂ ಹತ್ತು ಹತ್ತು ನಿಮಿಷ ನಡೆದಾಗ ಊಟದ ಮೇಲಿನ ಸಕ್ಕರೆ ನೂರಕ್ಕೆ ೧೨ರಷ್ಟು ಕಡಮೆಯಾಯಿತು. ರಾತ್ರಿಯೂಟದ ಅನಂತರವಂತೂ ನೂರಕ್ಕೆ ೨೨ರಷ್ಟು. ಹತ್ತು ನಿಮಿಷವೆಂದರೆ ನಮ್ಮ ಬೀದಿಯ ಕೊನೆಯವರೆಗೆ ಹೋಗಿ ಬರುವಷ್ಟು ಹೊತ್ತು. ಇದಕ್ಕೆ ಮೈದಾನವೂ ಬೇಡ, ಬೂಟಿನ ಆಡಂಬರವೂ ಬೇಡ.

ಇನ್ನು ಈ ಕಾಯಿಲೆಗೂ ಸಂಸಾರಕ್ಕೂ ಇರುವ ನಂಟು. ಇದರಲ್ಲಿ ನಮ್ಮ ಮೈಸೂರಿಗೇ ಒಂದು ಗಣ್ಯವಾದ ಪಾತ್ರವುಂಟು. ೧೯೦೬ರಲ್ಲಿ ಆರಂಭವಾದ, ಜನ ಮಿಷನ್ ಆಸ್ಪತ್ರೆಯೆಂದು ಕರೆಯುವ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ, ೧೯೯೦ರ ದಶಕದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಇಲ್ಲಿಯ ವೈದ್ಯರೂ ಕೂಡಿ ಆ ಶಿಶುಗಳನ್ನು, ಆಗಲೇ ನಡುವಯಸ್ಸನ್ನು ದಾಟಿದ್ದವರನ್ನು, ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗಿನ ಮೈಕಟ್ಟಿಗೂ ತಾಯಿಯ ಮೈಕಟ್ಟಿಗೂ ಮುಂದೆ ಬರುವ ಹೃದ್ರೋಗ ಮಧುಮೇಹಗಳಿಗೂ ಸಂಬಂಧವುಂಟೆಂಬುದು ಗೊತ್ತಾಯಿತು. ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಗೆ ಬಸುರಿನಲ್ಲಿಯೇ ಸಕ್ಕರೆ ಏರಿತ್ತು; ಅವರ ಮಕ್ಕಳಲ್ಲಿ ಬಾಲ್ಯದಲ್ಲಿಯೇ ಮೈಯ ಕೊಬ್ಬು ಹೆಚ್ಚಿರುವುದೂ ಕಂಡುಬಂತು. ಸಾರಾಂಶವೇನೆಂದರೆ, ಮಧುಮೇಹವು ಒಬ್ಬ ವ್ಯಕ್ತಿಯ ನಾಲಗೆಯ ಚಾಪಲ್ಯದಿಂದ ಮಾತ್ರ ಬರುವ ಶಿಕ್ಷೆಯಲ್ಲ. ಅದು ಒಂದು ಮನೆಯ ಚರಿತ್ರೆ.

ಗಂಡಹೆಂಡಿರ ನಡುವೆ ರಕ್ತಸಂಬಂಧವಿಲ್ಲದಿದ್ದರೂ ಕಾಯಿಲೆಯ ಸಂಬಂಧವುಂಟು. ಕೆನಡಾ ದೇಶದ ಮಾಂಟ್ರಿಯಲಿನ ವೈದ್ಯರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೪ರಲ್ಲಿ ತೋರಿಸಿದಂತೆ, ದಂಪತಿಗಳಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ ಇನ್ನೊಬ್ಬರಿಗೆ ಅದು ಬರುವ ಸಂಭವ ನೂರಕ್ಕೆ ೨೬ರಷ್ಟು ಹೆಚ್ಚು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದೇ ಒಲೆಯ ಅಡಿಗೆ, ಒಂದೇ ಗೋಡೆಯ ಟೆಲಿವಿಷನ್ನು, ಒಂದೇ ಚಿಂತೆ. ಸಮಾಧಾನದ ಸಂಗತಿಯೆಂದರೆ, ಒಳ್ಳೆಯ ಅಭ್ಯಾಸವೂ ಹಾಗೆಯೇ ಹರಡುವುದು. ಇಂಗ್ಲೆಂಡಿನಲ್ಲಿ ಮೂರು ಸಾವಿರಕ್ಕೂ ಮೀರಿದ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ೨೦೧೫ರಲ್ಲಿ ಹೊರಬಂತು. ಸೋಮಾರಿಗಳಾಗಿದ್ದ ಗಂಡಂದಿರಲ್ಲಿ, ಹೆಂಡತಿಯೂ ಹೊಸದಾಗಿ ವ್ಯಾಯಾಮವನ್ನು ಆರಂಭಿಸಿದ್ದ ಮನೆಗಳಲ್ಲಿ ಮೂರರಲ್ಲಿ ಇಬ್ಬರು ತಾವೂ ಎದ್ದರು. ಹೆಂಡತಿ ಏಳದಿದ್ದ ಮನೆಗಳಲ್ಲಿ ನಾಲ್ವರಲ್ಲಿ ಒಬ್ಬನು ಮಾತ್ರ ಎದ್ದನು. ಹೆಂಗಸರ ಲೆಕ್ಕವೂ ಹೆಚ್ಚು ಕಡಮೆ ಹಾಗೆಯೇ ಇತ್ತು.

ಈಗ ನಮ್ಮ ಮನೆಯ ಕಥೆ. ನಮಗೆ ೪೨ ತುಂಬಿದ ವರ್ಷ ಬಾಯಾರಿಕೆ ಹೆಚ್ಚಿತು. ರಾತ್ರಿ ಎರಡು ಮೂರು ಸಲ ಏಳಬೇಕಾಯಿತು. ಪರೀಕ್ಷೆ ಮಾಡಿಸಿದರೆ ಬರಿಹೊಟ್ಟೆಯ ಸಕ್ಕರೆ ೧೮೬. ೧೨೬ ದಾಟಿದರೆ ಮಧುಮೇಹ. ವೈದ್ಯರು ಮಾತ್ರೆಯನ್ನು ಬರೆದುಕೊಟ್ಟು ನಮ್ಮ ಮನೆಯವರ ಕಡೆಗೆ ತಿರುಗಿ, “ಇನ್ನು ಮೇಲೆ ಇವರನ್ನು ನೀವೇ ನೋಡಿಕೊಳ್ಳಬೇಕಮ್ಮ” ಎಂದರು. ಆಕೆ ಆ ಮಾತನ್ನು ರಾಜಾಜ್ಞೆಯಂತೆ ಸ್ವೀಕರಿಸಿದರು. ಸಕ್ಕರೆಯ ಡಬ್ಬಿ ಬೀರುವನ್ನು ಸೇರಿತು. ಇಡ್ಲಿಗೆ ಎಣಿಕೆ ಬಂತು. ಸಂಜೆ ಮನೆಗೆ ಬಂದೊಡನೆಯೇ, “ರೀ, ಇವತ್ತು ನಡೆದಿರಾ?” ಎಂಬ ವಿಚಾರಣೆ ತಪ್ಪುತ್ತಿರಲಿಲ್ಲ.

ಕಾವಲುಗಾರನಿರುವಲ್ಲಿ ಕಳ್ಳನೂ ಹುಟ್ಟುವನು. ನಾವು ಬೆಳಿಗ್ಗೆ ಬೂಟು ಹಾಕಿಕೊಂಡು ಗಂಭೀರವಾಗಿ ಹೊರಟು, ಬೀದಿಯ ತಿರುವಿನ ಹೋಟೆಲಿನಲ್ಲಿ ಸಕ್ಕರೆ ಹಾಕಿದ ಕಾಫಿಯನ್ನು ಕುಡಿದು, ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಬೆವರಿದವರಂತೆ ಹಿಂದಿರುಗುತ್ತಿದ್ದೆವು. ತರಗತಿಯಲ್ಲಿ ಸತ್ಯಸಂಧತೆಯನ್ನು ಕುರಿತು ಪಾಠ ಹೇಳುವವರು ಹೀಗೆ ಮಾಡಿದೆವೆಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುವುದು. ಆದರೆ ಮೂರು ತಿಂಗಳ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯೊಂದಿದೆ, ಅದಕ್ಕೆ ದಾಕ್ಷಿಣ್ಯವಿಲ್ಲ. ಆರೂವರೆ ದಾಟಿದರೆ ಕಾಯಿಲೆಯೆನ್ನುವ ಆ ಪರೀಕ್ಷೆಯಲ್ಲಿ ನಮ್ಮ ಸಂಖ್ಯೆ ೮.೪ ಬಂತು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಅದಾದ ಕೆಲವು ವಾರಗಳಲ್ಲಿಯೇ ಕಾಲೇಜಿನಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ನಾವು ಮರೆತುಬಂದಿದ್ದ ಕನ್ನಡಕವನ್ನು ಕೊಡಲು ನಮ್ಮ ಮನೆಯವರು ಅಲ್ಲಿಗೆ ಬಂದರು. ಮೇಜಿನ ಬಳಿ ಕುಳಿತಿದ್ದ ನರ್ಸಮ್ಮ, “ಬಂದದ್ದು ಬಂದಿರಿ, ನಿಮ್ಮದೂ ಒಂದು ಹನಿ ನೋಡೋಣ” ಎಂದು ಬೆರಳನ್ನು ಚುಚ್ಚಿದರು. ಊಟವಾದ ಎರಡು ಗಂಟೆಯ ಮೇಲೆ ೨೪೦. ಮರುದಿನ ಪ್ರಯೋಗಶಾಲೆಯಲ್ಲಿ ಬರಿಹೊಟ್ಟೆಯ ಪರೀಕ್ಷೆ ಮಾಡಿಸಿದೆವು, ೧೫೨. ಒಂದು ವರ್ಷದಿಂದ ಆಕೆಗೆ ಸುಸ್ತು, ಕಾಲುಗಳಲ್ಲಿ ಉರಿ. ಮನೆಗೆಲಸದ ಆಯಾಸವೆಂದು ಆಕೆಯೂ ಭಾವಿಸಿದ್ದರು, ನಾವೂ ಭಾವಿಸಿದ್ದೆವು. ಒಂದೇ ಮನೆಯಲ್ಲಿ ಇಬ್ಬರು ರೋಗಿಗಳಿದ್ದೆವು. ಒಬ್ಬರಿಗೆ ವೈದ್ಯ, ಮಾತ್ರೆ, ಬೂಟು, ಕಾವಲು ಎಲ್ಲವೂ ಇತ್ತು. ಇನ್ನೊಬ್ಬರಿಗೆ ರೋಗದ ಹೆಸರೂ ಗೊತ್ತಿರಲಿಲ್ಲ.

ಆ ಸಂಜೆ ನಾವು, “ನೀನೇಕೆ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ?” ಎಂದು ಕೇಳಿದೆವು. ಕೇಳಬಾರದಿತ್ತು. ಆಕೆ ಕೋಪ ಮಾಡಿಕೊಳ್ಳಲಿಲ್ಲ. “ನನ್ನನ್ನು ಯಾರೂ ಕೇಳಲಿಲ್ಲವಲ್ಲ” ಎಂದಷ್ಟೇ ಹೇಳಿದರು. “ನಾಳೆಯಿಂದ ಇಬ್ಬರೂ ಜೊತೆಯಾಗಿ ನಡೆಯೋಣ” ಎಂದು ನಾವು ಉತ್ಸಾಹ ತೋರಿಸಿದಾಗ ಇನ್ನೊಂದು ಮಾತನ್ನು ಕೇಳಿದರು: “ನಾನು ನಡೆಯಲು ಬಂದರೆ ಬೆಳಗಿನ ತಿಂಡಿ ಮಾಡುವವರು ಯಾರು?”

ಶ್ರೋತೃಗಳೇ, ಮಧುಮೇಹವನ್ನು ಕುರಿತು ನಾವು ಓದಿದ ಪುಸ್ತಕಗಳಾವುವೂ ಈ ಪ್ರಶ್ನೆಯನ್ನು ಎತ್ತಿರಲಿಲ್ಲ. ನಡಿಗೆಯ ಅರ್ಧ ಗಂಟೆ ಆಕಾಶದಿಂದ ಇಳಿದುಬರುವುದಿಲ್ಲ. ಗಂಡಸಿಗೆ ಆ ಅರ್ಧ ಗಂಟೆ ನಿದ್ರೆಯಿಂದ ಬರುವುದು. ಹೆಂಗಸಿಗೆ ಅದು ಅಡಿಗೆಮನೆಯಿಂದಲೇ ಬರಬೇಕು. ಅಡಿಗೆಮನೆಯ ಹೊರೆಯನ್ನು ಇಳಿಸದೆ ಹೆಂಡತಿಯನ್ನು ನಡೆಯಲು ಕರೆಯುವುದು ಬಾಯಿಮಾತಿನ ಉಪಚಾರ. “ಹೆಂಗಸರಿಗೆ ಮನೆಗೆಲಸವೇ ವ್ಯಾಯಾಮ” ಎಂಬುದೂ ಅಂಥದೇ ಮಾತು. ಒಲೆಯ ಮುಂದೆ ಎರಡು ಗಂಟೆ ನಿಲ್ಲುವುದರಿಂದ ಕಾಲು ನೋಯುವುದು. ಉಸಿರು ಏರುವಂತೆ ಒಂದೇ ಸಮನೆ ಹತ್ತಿಪ್ಪತ್ತು ನಿಮಿಷ ಮೈ ದುಡಿದಂತಾಗುವುದಿಲ್ಲ.

ನಾವು ಮಾಡಿಕೊಂಡ ಏರ್ಪಾಡು ಬಹು ಸರಳವಾದದ್ದು. ರಾತ್ರಿಯೇ ತರಕಾರಿ ಹೆಚ್ಚಿಡುವ ಕೆಲಸ ನಮ್ಮದಾಯಿತು. ವಾರಕ್ಕೆ ಮೂರು ದಿನ ತಿಂಡಿಯ ಹೊಣೆಯೂ ನಮ್ಮದಾಯಿತು. ಮೊದಲನೆಯ ಉಪ್ಪಿಟ್ಟು ಗಂಟುಗಂಟಾಗಿ ಮಕ್ಕಳ ನಗೆಗೆ ಗುರಿಯಾದರೂ ನಾಲ್ಕನೆಯದನ್ನು ಯಾರೂ ದೂರಲಿಲ್ಲ. ಬೆಳಿಗ್ಗೆ ೨೫ ನಿಮಿಷ, ರಾತ್ರಿಯೂಟವಾದ ಮೇಲೆ ೧೦ ನಿಮಿಷ, ಇಬ್ಬರೂ ಕೂಡಿ ನಡೆಯುವುದೆಂದು ಗೊತ್ತುಮಾಡಿಕೊಂಡೆವು. ಆಕೆಗೂ ಒಳ್ಳೆಯ ಬೂಟು ಬಂತು. ವಿಚಾರಣೆಯ ಪದ್ಧತಿ ನಿಂತುಹೋಯಿತು. ಜೊತೆಯಲ್ಲಿಯೇ ನಡೆಯುವವರನ್ನು “ನಡೆದಿರಾ?” ಎಂದು ಕೇಳುವುದಕ್ಕೆ ಅವಕಾಶವೆಲ್ಲಿ? ಮೂರು ತಿಂಗಳ ಮೇಲೆ ನಮ್ಮ ಸಂಖ್ಯೆ ೭.೧ಕ್ಕೆ ಇಳಿಯಿತು; ಆಕೆಯದು ೭.೯ರಿಂದ ೬.೮ಕ್ಕೆ. ಇದರಲ್ಲಿ ಮಾತ್ರೆಯ ಪಾಲೂ ಉಂಟು, ಊಟದ ಹಿಡಿತದ ಪಾಲೂ ಉಂಟು. ನಡಿಗೆಯೊಂದೇ ಎಲ್ಲವನ್ನೂ ಮಾಡಿತೆಂದು ಹೇಳಿದರೆ ತಪ್ಪಾದೀತು. ನಡಿಗೆ ಚೆನ್ನಾಗಿ ನಡೆದಿದೆಯೆಂದು ವೈದ್ಯರನ್ನು ಕೇಳದೆ ಮಾತ್ರೆಯನ್ನು ಬಿಟ್ಟವರು ಕೆಟ್ಟಿದ್ದಾರೆ.

ಹೆಜ್ಜೆಯ ವೇಗದ ವಿಷಯದಲ್ಲಿ ನಾವು ಕಲಿತ ನಿಯಮ ಇದು. ಇಬ್ಬರಲ್ಲಿ ನಿಧಾನವಾಗಿ ನಡೆಯುವವರೇ ವೇಗವನ್ನು ಗೊತ್ತುಮಾಡತಕ್ಕದ್ದು. ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಸಾಧ್ಯವಾಗಬಾರದು. ಸುಮಾರಾಗಿ ನಿಮಿಷಕ್ಕೆ ನೂರು ಹೆಜ್ಜೆ. ಇದು ಇಬ್ಬರಲ್ಲಿ ದುರ್ಬಲರಾದವರ ಮಾತು, ದುರ್ಬಲರಾದವರ ಹಾಡು ಎಂದು ತಿಳಿಯಬೇಕು. ಬಲವುಳ್ಳವರಿಗೆ ಇನ್ನೂ ಬಿರುಸು ಬೇಕಾದರೆ ಕೊನೆಯಲ್ಲಿ ಒಂದು ಸುತ್ತು ಒಂಟಿಯಾಗಿ ಹಾಕಿಕೊಳ್ಳಲಿ. ಮೊದಲಿನಿಂದಲೇ ಮುಂದೆ ನಡೆದುಬಿಟ್ಟರೆ ಹಿಂದುಳಿದವರು ನಾಳೆ ಹೊರಡುವುದಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಸುತ್ತಲ ತಾಲ್ಲೂಕುಗಳಿಂದ ಬರುವವರು ಬಹಳ. ಅವರ ತಂದೆತಾಯಿಗಳು ಕಾಲೇಜಿಗೆ ಬಂದಾಗ ಅಂಕಪಟ್ಟಿಯ ಮಾತು ಮುಗಿದ ಮೇಲೆ ಈಚೀಚೆಗೆ ಸಕ್ಕರೆಯ ಮಾತು ಬರುವುದು. ಒಂದೊಂದು ಕಡೆಯ ಅನುಕೂಲ ಪ್ರತಿಕೂಲಗಳು ಒಂದೊಂದು ಬಗೆ. ಹುಣಸೂರಿನಲ್ಲಿ ಮೈಸೂರು ಮಡಿಕೇರಿಯ ಹೆದ್ದಾರಿ ಊರಿನ ಪಕ್ಕದಲ್ಲಿಯೇ ಹಾದುಹೋಗುವುದು. ನಸುಕಿನಲ್ಲಿ ಲಾರಿಗಳ ದೀಪದ ಮುಂದೆ ಇಬ್ಬರು ಅಕ್ಕಪಕ್ಕ ನಡೆಯುವುದು ಅಪಾಯ. ಇಲ್ಲಿಯವರು ಶಾಲೆ ಕಾಲೇಜುಗಳ ಮೈದಾನವನ್ನೋ ಬಡಾವಣೆಯ ಒಳಬೀದಿಗಳನ್ನೋ ಆರಿಸಿಕೊಳ್ಳುವುದು ಲೇಸು.

ಹಿಂದೆ ಎಡತೊರೆಯೆಂದು ಹೆಸರಾಗಿದ್ದ ಕೃಷ್ಣರಾಜನಗರದ ತಾಲ್ಲೂಕು ಕಾವೇರಿಯ ನೀರಿನಿಂದ ಭತ್ತ ಬೆಳೆಯುವ ಸೀಮೆ. ಅಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಅದೇ ತೊಂದರೆ. ಹೊಟ್ಟೆ ತುಂಬ ಅನ್ನವುಂಡು ಮಲಗುವ ಬದಲು, ಮನೆಯ ಮುಂದೆಯೇ ಹತ್ತು ನಿಮಿಷ ಅಡ್ಡಾಡುವುದು ಆ ಸೀಮೆಯವರಿಗೆ ಎಲ್ಲರಿಗಿಂತ ಹೆಚ್ಚಾಗಿ ಸಲ್ಲುವ ಮದ್ದು. ಹಗಲಿನಲ್ಲಿ ನಾಲೆಯ ಏರಿಗಳು ಸಮತಟ್ಟಾದ ದಾರಿ. ಕತ್ತಲಾದ ಮೇಲೆ ಹಾವಿನ ಭಯವುಂಟು. ಅಂದಹಾಗೆ, ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ಎಲ್ಲ ಕಡೆಯೂ ಇದೆ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಎರಡು ದೊಡ್ಡ ಮುದ್ದೆಯೂ ಪಿಷ್ಟವೇ. ಮುದ್ದೆ ಚಿಕ್ಕದಾಗಿ, ಸೊಪ್ಪು ಕಾಳು ದೊಡ್ಡದಾಗಿ ಇರಲಿ.

ಪಿರಿಯಾಪಟ್ಟಣದ ಕಡೆಯವರು ಬೆಟ್ಟದಪುರದ ಮಲ್ಲಿಕಾರ್ಜುನನ ಬೆಟ್ಟವನ್ನು ಹತ್ತುವ ಹುರುಪು ತೋರಿಸುವುದುಂಟು. ವರ್ಷಗಟ್ಟಲೆ ಕುಳಿತಿದ್ದವರು ಮೊದಲ ವಾರದಲ್ಲಿಯೇ ಮೆಟ್ಟಿಲು ಹತ್ತಿದರೆ ಮಂಡಿಯೂ ಎದೆಯೂ ತಡೆಯಲಾರವು. ಕೆಲವು ತಿಂಗಳು ಬಯಲಿನಲ್ಲಿ ನಡೆದು ಆಮೇಲೆ ಹತ್ತಲಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಹೊಗೆಸೊಪ್ಪಿನ ಸೀಮೆಯೂ ಹೌದು. ಸೊಪ್ಪನ್ನು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿಗೆ ರಾತ್ರಿಯೆಲ್ಲ ಕಾವಲಿರಬೇಕಾಗಿ ನಿದ್ರೆಯೂ ಊಟದ ಹೊತ್ತೂ ಕೆಡುವುವು. ಆ ತಿಂಗಳುಗಳಲ್ಲಿ ಬೆಳಗಿನ ನಡಿಗೆ ತಪ್ಪಿದರೆ ತಪ್ಪಲಿ, ಊಟದ ಮೇಲಿನ ಹತ್ತು ನಿಮಿಷವನ್ನಾದರೂ ಗಂಡಹೆಂಡಿರು ಉಳಿಸಿಕೊಳ್ಳಬಹುದು. ಬೆಳೆಯುವವರಿಗೆ ಒಂದು ವಿಜ್ಞಾಪನೆ: ಬೆಳೆದು ಮಾರಿರಿ, ಆದರೆ ನೀವು ಸೇದಬೇಡಿರಿ. ಮಧುಮೇಹಿಯ ಕಾಲಿನ ರಕ್ತನಾಳಗಳಿಗೆ ತಂಬಾಕಿಗಿಂತ ದೊಡ್ಡ ಶತ್ರುವಿಲ್ಲ.

ಅದೇ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ೧೯೬೦ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿನ ಜನರನ್ನು ನೋಡಿ ಕಲಿಯತಕ್ಕದ್ದೊಂದಿದೆ. ಅಲ್ಲಿಯ ವೃದ್ಧರು ಜಪಮಾಲೆ ಹಿಡಿದು ತಮ್ಮ ವಿಹಾರಗಳನ್ನು ಪ್ರದಕ್ಷಿಣೆ ಮಾಡುವರು. ಅವರು ವ್ಯಾಯಾಮವೆಂದು ನಡೆಯುವುದಿಲ್ಲ, ದಿನಚರಿಯೆಂದು ನಡೆಯುವರು. ಸಂಕಲ್ಪದ ಬಲದಿಂದ ನಡೆಯುವವನು ಒಂದು ತಿಂಗಳು ನಡೆಯುವನು. ದಿನಚರಿಯೆಂದು ನಡೆಯುವವನು ಮುಪ್ಪಿನವರೆಗೂ ನಡೆಯುವನು. ನಮ್ಮಲ್ಲಿಯೂ ದೇವಸ್ಥಾನಕ್ಕೆ, ಹಾಲಿನ ಡೇರಿಗೆ, ಸಂತೆಗೆ ಗಂಡಹೆಂಡಿರು ಜೊತೆಯಾಗಿ ನಡೆದು ಹೋಗಿಬರುವುದನ್ನು ಮೋಟಾರು ಸೈಕಲ್ಲು ಕಸಿದುಕೊಂಡಿದೆ. ಅದನ್ನು ವಾರಕ್ಕೆ ಎರಡು ದಿನವಾದರೂ ಮನೆಯಲ್ಲಿ ನಿಲ್ಲಿಸಬಹುದು.

ಹೆಗ್ಗಡದೇವನಕೋಟೆಯ ಪರಿಸ್ಥಿತಿ ಬೇರೆ. ಕಬಿನಿಯ ಹಿನ್ನೀರಿನ ಸುತ್ತಲೂ ನಾಗರಹೊಳೆ ಬಂಡೀಪುರಗಳ ಕಾಡು. ಪಟ್ಟಣದ ವೈದ್ಯರು ನಸುಕಿನಲ್ಲಿ ನಡೆಯಿರೆಂದು ಹೇಳಿ ಕಳುಹಿಸಿದರೆ, ಕಾಡಂಚಿನ ಊರಿನವರಿಗೆ ಆ ಹೊತ್ತು ಆನೆಯ ಹೊತ್ತು, ಹುಲಿಯ ಹೊತ್ತು. ಅಲ್ಲಿ ಬಿಸಿಲು ಬಂದ ಮೇಲೆ, ಊರೊಳಗಿನ ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ ಸುತ್ತುವುದೇ ಸರಿ. ಅಂಗಳ ಚಿಕ್ಕದಾದರೂ ಮೂವತ್ತು ಸುತ್ತು ಹಾಕಿದರೆ ನಡಿಗೆ ನಡಿಗೆಯೇ.

ಇನ್ನು ನಡಿಗೆಯಲ್ಲಿ ಜೊತೆಗಾರರು ಅರಿತಿರಬೇಕಾದ ಕೆಲವು ಎಚ್ಚರಿಕೆಗಳು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೂ ನಡೆಯುವಾಗ ಸಕ್ಕರೆ ೭೦ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ತಡೆಯಲಾಗದ ಹಸಿವು, ಮಾತಿನಲ್ಲಿ ತೊದಲು, ಕಾರಣವಿಲ್ಲದ ಸಿಡುಕು ಇದರ ಲಕ್ಷಣಗಳು. ರೋಗಿಗೆ ಅನೇಕ ವೇಳೆ ತನ್ನ ಸ್ಥಿತಿ ತನಗೇ ತಿಳಿಯುವುದಿಲ್ಲ, ಪಕ್ಕದಲ್ಲಿರುವವರಿಗೆ ತಿಳಿಯುವುದು. ಕೂಡಲೇ ಕುಳ್ಳಿರಿಸಿ ಮೂರು ನಾಲ್ಕು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ೧೫ ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆಯ ಪೊಟ್ಟಣ ರೋಗಿಯ ಜೇಬಿನಲ್ಲಿಯೂ ಇರಲಿ, ಜೊತೆಗಾರರ ಚೀಲದಲ್ಲಿಯೂ ಇರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಡಬ್ಬಿ ಆ ಹೊತ್ತಿಗೆ ಒದಗುವುದಿಲ್ಲ.

ಎರಡನೆಯದು ಪಾದದ ವಿಚಾರ. ಹಲವು ವರ್ಷಗಳ ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದುವುದು. ಮುಳ್ಳು ನಾಟಿದರೂ ತಿಳಿಯದು, ಗಾಯ ಮಾಯದು, ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದೀತು. ಬರಿಗಾಲಿನ ನಡಿಗೆ ಕೂಡದೆಂದದ್ದು ಇದಕ್ಕಾಗಿ. ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳುವುದು, ಅದರಲ್ಲಿಯೂ ವಯಸ್ಸಾದವರಿಗೆ, ಕಷ್ಟ. ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರ ಪಾದವನ್ನು ಒಬ್ಬರು, ಬೆರಳ ಸಂದುಗಳ ಸಮೇತ, ನೋಡಬೇಕು. ನಾವು ಮೊದಲ ದಿನ ನಮ್ಮ ಮನೆಯವರ ಪಾದವನ್ನು ಹಿಡಿದಾಗ ಆಕೆ ಸಂಕೋಚದಿಂದ ಕಾಲನ್ನು ಸೆಳೆದುಕೊಂಡರು. ಗಂಡ ಕಾಲು ಮುಟ್ಟಬಾರದೆಂಬುದು ಆಕೆಯ ಸಂಸ್ಕಾರ. ಹಿಮ್ಮಡಿಯಲ್ಲಿ ಒಂದು ಸೀಳು ಬಿಟ್ಟಿತ್ತು, ಕೀವಾಗುತ್ತಿತ್ತು. ಆಕೆಗೆ ಗೊತ್ತೇ ಇರಲಿಲ್ಲ. ಆ ಸೀಳನ್ನು ತೋರಿಸಿದ ಮೇಲೆ ಸಂಕೋಚ ಹೋಯಿತು. ಈಗ ಅದು ನಮ್ಮ ಮನೆಯ ಸಂಜೆಯ ಕೆಲಸಗಳಲ್ಲೊಂದು.

ಮೂರನೆಯದು, ನಡೆಯುವಾಗ ಎದೆನೋವ, ವಿಪರೀತ ಏದುಸಿರೋ ಬಂದರೆ ಅಲ್ಲಿಯೇ ನಿಂತು ವೈದ್ಯರನ್ನು ಕಾಣತಕ್ಕದ್ದು. ಕಣ್ಣಿನ ತೊಂದರೆಯುಳ್ಳವರು, ಹೃದ್ರೋಗಿಗಳು ಮೊದಲೇ ವೈದ್ಯರನ್ನು ಕೇಳಿ ಹೊರಡಬೇಕು. ನಾಲ್ಕನೆಯದು, ಮನೆಯಲ್ಲಿ ಒಬ್ಬರಿಗೆ ಮಧುಮೇಹವೆಂದು ತಿಳಿದ ದಿನವೇ ಇನ್ನೊಬ್ಬರ ರಕ್ತವನ್ನೂ ಪರೀಕ್ಷಿಸಬೇಕು. ಮೂವತ್ತು ದಾಟಿದವರಿಗೆ ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಈ ಪರೀಕ್ಷೆಯುಂಟು. ಹೊಸ್ತಿಲಲ್ಲಿ ನಿಂತವರಿಗಂತೂ ಇದರಿಂದ ಬಹಳ ಲಾಭ. ಊಟ ವ್ಯಾಯಾಮಗಳ ತಿದ್ದುಪಾಡಿನಿಂದ ಮಧುಮೇಹದ ಸಂಭವವನ್ನು ಅಮೆರಿಕದ ೨೦೦೨ರ ಅಧ್ಯಯನದಲ್ಲಿ ನೂರಕ್ಕೆ ೫೮ರಷ್ಟೂ, ಚೆನ್ನೈಯ ವೈದ್ಯರ ೨೦೦೬ರ ಅಧ್ಯಯನದಲ್ಲಿ ನೂರಕ್ಕೆ ಸುಮಾರು ೨೮ರಷ್ಟೂ ತಗ್ಗಿಸಲು ಸಾಧ್ಯವಾಯಿತು.

ಎಲ್ಲ ದಂಪತಿಗಳೂ ಜೊತೆಯಾಗಿ ನಡೆಯಲು ಸಾಧ್ಯವೆಂದು ನಾವು ಹೇಳುವುದಿಲ್ಲ. ಒಬ್ಬರಿಗೆ ಮಂಡಿನೋವಿರಬಹುದು, ಒಬ್ಬರಿಗೆ ರಾತ್ರಿಯ ಪಾಳಿಯಿರಬಹುದು. ಅಂಥಲ್ಲಿ ನಡೆಯಲಾರದವರು ನಡೆಯುವವರಿಗೆ ಹೊತ್ತನ್ನು ಒದಗಿಸಿಕೊಟ್ಟರೆ, ಅದೂ ಜೊತೆ ನಡೆದಂತೆಯೇ. ನಡೆದು ಬಂದವರನ್ನು ವಿಚಾರಣೆಗೆ ನಿಲ್ಲಿಸದೆ, ದಾರಿಯಲ್ಲಿ ಏನು ಕಂಡಿರೆಂದು ಕೇಳಿದರೆ ಅದೂ ಒಂದು ಉಪಚಾರ. ಒಂದು ದಿನ ಹೋಳಿಗೆ ತಿಂದುದು ಮಹಾಪರಾಧವಲ್ಲ. ಅದನ್ನು ಮುಚ್ಚಿಡಬೇಕಾದ ವಾತಾವರಣ ಮನೆಯಲ್ಲಿ ಹುಟ್ಟುವುದು ಅದಕ್ಕಿಂತ ಕೆಟ್ಟದ್ದು.

ನಮ್ಮಲ್ಲಿ ಅನೇಕರ ಮದುವೆಗಳಲ್ಲಿ ಸಪ್ತಪದಿಯೆಂಬ ವಿಧಿಯುಂಟು. ವಧೂವರರು ಕೈಹಿಡಿದು ಏಳು ಹೆಜ್ಜೆ ಇಡುವರು. ಏಳನೆಯ ಹೆಜ್ಜೆಯಲ್ಲಿ ಅವರು ಒಬ್ಬರಿಗೊಬ್ಬರು ಸ್ನೇಹಿತರಾಗುವರೆಂದು ಹಿರಿಯರ ಭಾವನೆ. ಅಲ್ಲಿ ಯಾರೂ ಇಪ್ಪತ್ತು ಮಾರು ಮುಂದೆ ಹೋಗುವುದಿಲ್ಲ. ಎಂಟನೆಯ ಹೆಜ್ಜೆಯಿಂದ ಮುಂದಿನದನ್ನು ಪುರೋಹಿತರು ಹೇಳಿಕೊಡಲಿಲ್ಲ. ಅದನ್ನು ನಾವೇ ಕಲಿತುಕೊಳ್ಳಬೇಕು. ಈ ರಾತ್ರಿ ಊಟವಾದೊಡನೆ ಎಲೆಯಡಕೆಗೆ ಕೈಯಿಡುವ ಮೊದಲು, ತಟ್ಟೆಗಳನ್ನು ಇಬ್ಬರೂ ಕೂಡಿ ತೊಳೆದಿಟ್ಟು, ಬೀದಿಯ ಕೊನೆಯವರೆಗೆ ಹೋಗಿಬನ್ನಿರಿ. ಹತ್ತು ನಿಮಿಷ ಸಾಕು. ಹಿಂದಿರುಗಿದ ಮೇಲೆ, ನಿಮ್ಮ ರಕ್ತವನ್ನು ಪರೀಕ್ಷಿಸಿ ಎಷ್ಟು ದಿನವಾಯಿತೆಂದು ಒಬ್ಬರನ್ನೊಬ್ಬರು ಕೇಳಿರಿ. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಒಂದು ವರ್ಷ ತಡವಾಗಿ ಕೇಳಿದೆವು.